ಹಸಿರು ಅಕ್ಷರ

ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇತ್ತು. ಚಿತಾಗಾರದ ಗುಮಾಸ್ತ ಕೀಬೋರ್ಡಿನ ಮೂಲೆಮೂಲೆಯನ್ನೂ ಕುಟ್ಟಿ, ಕೊನೆಗೆ ಮಾನಿಟರಿನ ತಲೆಗೂ ಒಂದು ಮೊಟಕಿದ.

“ಅಪ್‌ಡೇಟ್ ಆಗ್ತಿದೆ ಮೇಡಂ. ನೋಂದಣಿ ಆಗದೆ ನಾನು ಒಲೆ ಬಾಗಿಲು ತೆಗೆಯೋ ಹಾಗಿಲ್ಲ.”

ಹೊರಗೆ ವ್ಯಾನಿನಲ್ಲಿ ಅಪ್ಪ ಮಲಗಿದ್ದರು. ಸಂಜೆ ಒಲೆ ಆರಿಸುವುದರೊಳಗೆ ಕೆಲಸ ಮುಗಿಯದಿದ್ದರೆ ಮತ್ತೆ ಶವಾಗಾರದ ಪೆಟ್ಟಿಗೆಯೇ ಗತಿ.

“ಹೊರಟು ನಿಂತ್ರೂ ನಮ್ಮಣ್ಣನ್ನ ಅಪ್‌ಡೇಟ್ ಬಿಡಲಿಲ್ಲ ನೋಡು,” ಎಂದ ಚಿಕ್ಕಪ್ಪ, ಮೂಗು ಹಿಡಿದುಕೊಂಡು ಯಂತ್ರದ ಹೆಣ್ಣುದನಿಯಲ್ಲಿ ರಾಗ ಎಳೆದ: “ದಯವಿಟ್ಟು ಕಾಯಿರಿ. ನಿಮ್ಮ ಸಾವು ನಮಗೆ ಮುಖ್ಯ.”

ಬೆಂಚಿನ ಮೇಲಿದ್ದವರು ನಕ್ಕು, ನಕ್ಕಿದ್ದಕ್ಕೆ ಕಣ್ಣೊರೆಸಿಕೊಂಡರು. ಮಗಳು ನಗಲಿಲ್ಲ. ನಗರಸಭೆಯಲ್ಲಿ ಕೆಲಸಕ್ಕಿದ್ದ ಅವಳೇ ಈ ಹೊಸ ವ್ಯವಸ್ಥೆಯನ್ನು ಇಲ್ಲಿ ಹಾಕಿಸಿದ್ದಳು. ಅದಕ್ಕಾಗಿ ತೆಗೆಸಿದ್ದು ಅಪ್ಪ ಬರೆದ ಪ್ರೋಗ್ರಾಮನ್ನು.

*

“ಕಿಟಕಿ ಮೇಲೆ ಕಿಟಕಿ. ಗಾಳಿ ಮಾತ್ರ ಎಲ್ಲಿಂದಲೂ ಇಲ್ಲ,” ಎಂದಿದ್ದರು ಅಪ್ಪ, ಅವಳು ಹೊಸದನ್ನು ತೋರಿಸಿದ ದಿನ. “ನಾನು ಇಡೀ ಆಪರೇಟಿಂಗ್ ಸಿಸ್ಟಮ್ಮನ್ನ ಒಂದು ಫ್ಲಾಪಿಲಿ ಹಾಕಿ ಅಂಗಿ ಜೇಬಲ್ಲಿ ಇಟ್ಕೊಂಡು ಬರ್ತಿದ್ದೆ. ಈಗ ಇದರ ಮೌಸ್ ಬಾಣ ಒಂದನ್ನೇ ಸಾಗಿಸೋಕೆ ಲಾರಿ ಬೇಕು.”

“ಈಗ ಮೆಮೊರಿ ಅಗ್ಗ ಅಪ್ಪಾ. ಯಾರಿಗೆ ನಷ್ಟ?”

“ಕಾಯೋನಿಗೆ.” ಆಮೇಲೆ ಹಳೇ ಮೋಡೆಮ್ಮಿನ ಹಾಗೆ ಕೀರಲು ದನಿ ತೆಗೆದು, ಕೆಮ್ಮಿ, ಸುಸ್ತಾದವರಂತೆ ಕುರ್ಚಿಗೆ ಒರಗಿದ್ದರು. ಅವಳಿಗೆ ರೇಗಿತ್ತು.

“ನಿಮ್ಮ ಕಾಲ ಮುಗೀತಪ್ಪಾ. ಅದನ್ನಾದ್ರೂ ಒಪ್ಕೊಳ್ಳಿ.”

ಅಪ್ಪ ಎದ್ದು, ಅಂಗಿಯ ಖಾಲಿ ಜೇಬನ್ನೊಮ್ಮೆ ತಡವಿಕೊಂಡು ಒಳಗೆ ಹೋಗಿದ್ದರು.

*

ಗುಮಾಸ್ತ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. “ಮೇಡಂ, ಬೈಬಾರದು. ಹಳೇ ಯಂತ್ರನ ನಾನು ಗುಜರಿಗೆ ಹಾಕಿಲ್ಲ. ಇದು ಮುನಿಸಿಕೊಂಡಾಗೆಲ್ಲ ಅದರಲ್ಲೇ ನೋಂದಣಿ ಚೀಟಿ ತೆಗೀತೀನಿ. ಆಮೇಲೆ ಇದಕ್ಕೆ ಏರಿಸ್ತೀನಿ.”

“ಬೈಯೋ ಬಾಯಿ ಇಲ್ಲ ನನಗೆ. ಹಾಕಿ.”

ಮೇಜಿನ ಕೆಳಗಿನ ಬಟ್ಟೆ ಸರಿಸಿ ಗುಂಡಿ ಒತ್ತಿದ. ಅವನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪಕ್ಕದ ಹಳೇ ಮಾನಿಟರಿನ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತ್ತು. ನಮ್ಮ ಅಕ್ಷರವನ್ನು ಯಂತ್ರಗಳು ಅರಿಯದ ಕಾಲದಲ್ಲಿ ಅಪ್ಪ ಚುಕ್ಕಿ ಚುಕ್ಕಿ ಜೋಡಿಸಿ ಕಟ್ಟಿದ ಅಕ್ಷರ. ‘ಹ’ದ ಹೊಟ್ಟೆ ಸ್ವಲ್ಪ ಸೊಟ್ಟ.

“ನೀವೇ ಕೂತ್ಕೊಳ್ಳಿ,” ಎಂದು ಗುಮಾಸ್ತ ಕುರ್ಚಿ ಬಿಟ್ಟುಕೊಟ್ಟ.

‘ಹೋದವರ ಹೆಸರು?’ ಅವಳು ಬರೆದಳು.

‘ವಯಸ್ಸು?’ ಬರೆದಳು.

‘ನೀವು ಅವರಿಗೆ ಏನಾಗಬೇಕು?’

ತಾನು ತಂದ ವ್ಯವಸ್ಥೆಯಲ್ಲಿ ಈ ಜಾಗದಲ್ಲಿ ‘ಅರ್ಜಿದಾರರ ವರ್ಗ’ ಎಂದಿತ್ತು. ಅವಳು ನಿಧಾನವಾಗಿ ‘ಮಗಳು’ ಎಂದು ಒತ್ತಿದಳು.

ಪರದೆ ಎಲ್ಲವನ್ನೂ ಒಮ್ಮೆ ಸಾಲಾಗಿ ತೋರಿಸಿತು. ಕೆಳಗೆ ಇನ್ನೊಂದು ಸಾಲು ಬಂತು:

‘ಎಲ್ಲ ಸರಿ ಇದ್ದರೆ ಎಂಟರ್ ಒತ್ತಿ. ಅವಸರವೇನಿಲ್ಲ.’

ಅವಳ ಬೆರಳು ಕೀಲಿಯ ಮೇಲೆ ಬಂದು ನಿಂತಿತು. ಅಣಕಿಸಲೆಂದು ಮೂಗಿಗೆ ಒಯ್ದ ಕೈಯನ್ನು ಚಿಕ್ಕಪ್ಪ ಕೆಳಗಿಳಿಸಿದ. ಗುಮಾಸ್ತ ಗೋಡೆಯ ಗಡಿಯಾರ ನೋಡಿದ, ಅವಳನ್ನು ನೋಡಿದ, ಗಡಿಯಾರಕ್ಕೆ ಬೆನ್ನು ಹಾಕಿ ನಿಂತುಕೊಂಡ. ಪಕ್ಕದ ಪರದೆಯಲ್ಲಿ ಚಕ್ರ ಇನ್ನೂ ಸುತ್ತುತ್ತಿತ್ತು. ಈ ಪರದೆಯಲ್ಲಿ ಏನೂ ಅಲುಗಲಿಲ್ಲ. ಹಸಿರು ಬೆಳಕು ಅವಳ ಉಗುರಿನ ಮೇಲೆ ಬಿದ್ದುಕೊಂಡಿತ್ತು.