ಎದೆಗೆ ಪಟ್ಟಿ

ಒಂದಾನೊಂದು ಊರಿನ ಮೂರನೇ ಮಹಡಿಯಲ್ಲಿ ಒಬ್ಬ ರಾಜ, ಒಬ್ಬಳು ರಾಣಿ. ರಾಜ್ಯವೆಂದರೆ ಎರಡು ಕೋಣೆ, ಒಂದು ಬಾಲ್ಕನಿ. ರಾಜ ಬಸ್ ಡಿಪೋದಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದವನು. ಬಸ್ಸುಗಳು ಕೈತಪ್ಪಿದ ಮೇಲೆ ಆಳುವುದಕ್ಕೆ ಅವನಿಗೆ ಉಳಿದದ್ದು ಗುಂಡು ಎಂಬ ಬೊಗಸೆಯಷ್ಟು ನಾಯಿ ಮಾತ್ರ. ಅದೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ನಾಯಿ ಅಂದಮೇಲೆ ಕೊರಳಿಗೇ ಪಟ್ಟಿ ಎಂದು ರಾಜ. ಎಳೆದಾಗಲೆಲ್ಲ ಗುಂಡು ಗೊರಗೊರ ಕೆಮ್ಮುತ್ತದೆ, ಎದೆಗೆ ಹಾಕುವ ಪಟ್ಟಿಯೇ ಸರಿ ಎಂದು ರಾಣಿ. ಅವನು ತಂದ ಕಪ್ಪು ಕೊರಳಪಟ್ಟಿ, ಅವಳು ತಂದ ಕೆಂಪು ಎದೆಪಟ್ಟಿ, ಎರಡೂ ಬಾಗಿಲ ಹಿಂದಿನ ಒಂದೇ ಮೊಳೆಗೆ ಜೋತುಬಿದ್ದು, ಮುನಿಸಿಕೊಂಡ ಗಂಡ ಹೆಂಡಿರಂತೆ ಮುಖ ತಿರುಗಿಸಿಕೊಂಡಿದ್ದವು. ಜಗಳ ತೀರುವವರೆಗೆ ಗುಂಡುವಿಗೆ ಬಾಲ್ಕನಿಯೇ ಪ್ರಪಂಚ.

ಇಂಥ ರಾಜ್ಯದಲ್ಲಿ ರಾಜಕುಮಾರಿ ಇರದಿದ್ದರೆ ಹೇಗೆ? ಇದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಮೆಚ್ಚಿದ್ದು ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವವನನ್ನು. ಮೊಣಕೈಯಾಗಲಿ ಹೆಗಲಾಗಲಿ, ಅವನು ಸುತ್ತಿದ ಪಟ್ಟಿ ಸಡಿಲವಾದದ್ದೇ ಇಲ್ಲ. ಅಲ್ಲಿ ಎಲ್ಲರಿಗೂ ಅವನು ಪಟ್ಟಿಯಣ್ಣ. ಕಷ್ಟವೇನೆಂದರೆ, ನಾಯಿಗಳ ಪರಿಚಯ ಅವನಿಗೆ ಅವು ಕಚ್ಚಿದ ಗಾಯಗಳ ಮೂಲಕ ಮಾತ್ರ.

ಹೆಣ್ಣು ಕೇಳಲು ಬಂದವನನ್ನು ರಾಜ ಅಡಿಯಿಂದ ಮುಡಿಯವರೆಗೆ ನೋಡಿದ. ಏಳು ಸಮುದ್ರ ದಾಟಿ ಹೂ ತಾ ಎನ್ನುವ ಕಾಲವಲ್ಲ. ಗುಂಡುವಿಗೆ ಪಾರ್ಕಿನಲ್ಲಿ ಒಂದು ಸುತ್ತು ಹಾಕಿಸಿ, ಒಂದೂ ಕೆಮ್ಮಿಲ್ಲದೆ ಬಾಗಿಲಿಗೆ ತಂದು ನಿಲ್ಲಿಸಿದರೆ ಮದುವೆ. ಇಲ್ಲವಾದರೆ ಈ ಮನೆಯ ದಾರಿ ಮರೆತುಬಿಡಬೇಕು.

"ಅದಕ್ಕೆ ಏನು ಹಾಕ್ತೀಯೋ ನಿನಗೇ ಬಿಟ್ಟಿದ್ದು ಕಣಪ್ಪಾ," ಎಂದ ರಾಜ, ಬಲು ಉದಾರವಾಗಿ.

ಭಾನುವಾರ ಬರುತ್ತೇನೆಂದು ಪಟ್ಟಿಯಣ್ಣ ಮಾತು ಕೊಟ್ಟ, ನಿದ್ದೆ ಬಿಟ್ಟ. ಕಪ್ಪಿಗೆ ಕೈ ಹಾಕಿದರೆ ಅತ್ತೆಗೆ ಸಿಟ್ಟು, ಕೆಂಪಿಗೆ ಹಾಕಿದರೆ ಮಾವನಿಗೆ. ಬಣ್ಣ ಬಿಟ್ಟರೆ ಎರಡಕ್ಕೂ ಏನು ವ್ಯತ್ಯಾಸವೋ ಅವನಿಗೆ ತಿಳಿಯದು.

ಶನಿವಾರ ರಾಜಕುಮಾರಿಯೇ ಫೋನ್ ಮಾಡಿದಳು. ಅಪ್ಪ ಸಿಡುಕಿದರೆ ಸಿಡುಕಲಿ, ಗುಂಡು ಕೆಮ್ಮಿದರೆ ಎಲ್ಲ ಮುಗಿದಂತೆ ಎಂದಳು. ಅಂಗಡಿಯ ಗಲಾಟೆಯಲ್ಲಿ ಅವನಿಗೆ ಸ್ಪಷ್ಟವಾಗಿ ಕೇಳಿಸಿದ್ದು ಕೊನೆಯ ಮಾತು ಮಾತ್ರ.

"ಕೊರಳಿನ ತಂಟೆಗೆ ಹೋಗ್ಬೇಡ. ಸುಮ್ನೆ ಎದೆಗೆ ಪಟ್ಟಿ ಹಾಕು."

ಅಷ್ಟೇನಾ! ಅದಕ್ಕಿಂತ ಸಲೀಸಾದ ಕೆಲಸ ಅವನಿಗೆ ಲೋಕದಲ್ಲಿ ಇನ್ನೊಂದಿರಲಿಲ್ಲ. ಕೆಮ್ಮಿಗೂ ಅದೇ ಮದ್ದಿರಬೇಕು ಅಂದುಕೊಂಡು ಗೊರಕೆ ಹೊಡೆದ.

ಬೆಳಿಗ್ಗೆ ಬಂದವನು ಮೊಳೆಯತ್ತ ಕಣ್ಣೂ ಹಾಯಿಸಲಿಲ್ಲ. ಚೀಲದಿಂದ ಬಿಳಿ ಬಟ್ಟೆಯ ಸುರುಳಿ ತೆಗೆದು, ಗುಂಡುವನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಹೆಗಲ ಮೂಳೆ ಮುರಿದವರಿಗೆ ಕಟ್ಟುವಂತೆ ಮುಂಗಾಲುಗಳ ಸಂದಿಯಿಂದ ತಂದು ಬೆನ್ನ ಮೇಲೆ ದಾಟಿಸಿ ಎದೆ ತುಂಬ ಸುತ್ತಿದ. ಉಸಿರಿಗೆ ಜಾಗವಿದೆಯೇ ಎಂದು ಬೆರಳು ತೂರಿಸಿ ನೋಡಿದ. ಕೊರಳಲ್ಲಿ ಏನೂ ಇಲ್ಲವಲ್ಲ, ಹಗ್ಗವನ್ನು ಬೆನ್ನ ಮೇಲಿನ ಗಂಟಿಗೇ ಬಿಗಿದ. ರಾಜಕುಮಾರಿ ಹಣೆ ಚಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ರಾಜನಿಗೆ ಖುಷಿ: ಕೆಂಪು ಪಟ್ಟಿ ಮೊಳೆಯಲ್ಲೇ ಉಳಿಯಿತು. ರಾಣಿಗೂ ಖುಷಿ: ಕೊರಳು ಖಾಲಿ.

ಪಾರ್ಕಿನಲ್ಲಿ ಕಂಡವರೆಲ್ಲ ಲೊಚಗುಟ್ಟಿದರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು ತಡೆದು ಕೇಳಿದಳು.

"ಪಾಪ, ಏನಾಯ್ತಪ್ಪಾ? ಗಾಡಿ ಗುದ್ದಿತಾ?"

"ಇಲ್ಲ ಅಜ್ಜಿ, ವಾಕಿಂಗು."

"ಈ ಸ್ಥಿತೀಲಿ ನಡೆಸ್ತೀಯಲ್ಲೋ, ಕರುಳಿಲ್ವಾ ನಿನಗೆ?"

ಅನುಕಂಪದ ರುಚಿ ಹತ್ತಿದ ಗುಂಡು ಅಲ್ಲಿಂದಾಚೆ ಕುಂಟತೊಡಗಿತು. ಪೊದೆಯಿಂದ ಬೆಕ್ಕೊಂದು ಓಡಿದಾಗ ಮಾತ್ರ ಕುಂಟು ಮರೆತು ಒಂದೇ ನೆಗೆತ ನೆಗೆಯಿತು. ಹಗ್ಗ ಸೆಟೆಯಿತು. ಪಟ್ಟಿಯಣ್ಣ ಕಣ್ಣು ಮುಚ್ಚಿಕೊಂಡ. ಎಳೆತವೆಲ್ಲ ಎದೆಯ ಮೇಲೆ ಹಂಚಿಹೋಗಿ, ಗಂಟಲಿನಿಂದ ಬಂದದ್ದು ಕೆಮ್ಮಲ್ಲ, ತಿಂಗಳುಗಟ್ಟಲೆ ಕೂಡಿಟ್ಟಿದ್ದ ಬೊಗಳು.

ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ರಾಜ ರಾಣಿ ಇಬ್ಬರೂ ಗೆದ್ದಾಗಿತ್ತು.

"ನೋಡಿದ್ಯಾ, ನಿನ್ನ ಪಟ್ಟಿ ಇಲ್ದೇನೇ ಆಯ್ತು."

"ನಿಮ್ಮದು ಇಲ್ದೇನೇ ಅನ್ನಿ."

ರಾಜ ಬಗ್ಗಿ ನಾಯಿಯ ಮೂತಿಗೆ ಕಿವಿಯಿಟ್ಟ. ಗುಂಡು ಅವನ ಕಿವಿಯಲ್ಲೇ ಒಂದು ಆಕಳಿಕೆ ತೆಗೆದು, ಹೊಸ್ತಿಲು ದಾಟಿ ಒಳಗೆ ನಡೆಯಿತು.

"ಬನ್ನಿ ಅಳಿಯಂದಿರೇ, ಒಳಗೆ ಬನ್ನಿ," ಎಂದ ರಾಜ, ಬಹುವಚನದಲ್ಲಿ.