ಅತ್ತೆಯ ಮಂಚಕ್ಕೊಂದು ಕೆಂಪು ಚುಕ್ಕೆ

ಆ ಬಿರುಗಾಳಿಗೆ ನಮ್ಮೂರಿನ ಮರಗಳೆಲ್ಲ ಹಲ್ಲುಕಡ್ಡಿಗಳಂತೆ ಚೆಲ್ಲಾಪಿಲ್ಲಿಯಾದವು. ಇಡೀ ಊರನ್ನು ಗುಡಿಸಿದವನು ನಾನು, ಅದೂ ಕುರ್ಚಿ ಬಿಟ್ಟೇಳದೆ. ನಗರಸಭೆಯ ಕಂಪ್ಯೂಟರಿನ ಮುಂದೆ ಕೂತು, ಡ್ರೋನ್ ತೆಗೆದ ಚಿತ್ರಗಳಲ್ಲಿ ಕಸದ ರಾಶಿ ಕಂಡಲ್ಲೆಲ್ಲ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಇದ್ದಲ್ಲಿಗೆ ಲಾರಿ ಹೋಗಿ ರಾಶಿ ಎತ್ತಬೇಕು, ಖಾಲಿ ಜಾಗದ ಫೋಟೊ ಕಳಿಸಬೇಕು. ಆಗಲೇ ಚುಕ್ಕೆ ಹಸಿರಾಗುವುದು. ಫೋಟೊ ಬಾರದೆ ಬ್ರಹ್ಮ ಬಂದರೂ ಹಸಿರು ಮಾಡುವಂತಿಲ್ಲ, ಹಸಿರಾಗದೆ ಲಾರಿ ಮುಂದಿನ ಬೀದಿಗೆ ಹೋಗುವಂತಿಲ್ಲ. ಈ ನಿಯಮ ಮಾಡಿಸಿದವನೂ ನಾನೇ. ಇನ್ನು ನನ್ನ ಕಣ್ಣೋ, ಹದ್ದುಗಳು ಬಂದು ಪಾಠ ಹೇಳಿಸಿಕೊಳ್ಳಬೇಕು, ಅಷ್ಟು ಚುರುಕು.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ರೀ, ಅಮ್ಮನ ಮನೆ ಮುಂದೆ ಲಾರಿ ನಿಂತಿದೆ. ಮಂಚ ಎತ್ಕೊಂಡು ಹೋಗ್ತಾರಂತೆ."

"ಯಾವ ಮಂಚ?"

"ಇನ್ಯಾವ್ದು? ಅಪ್ಪ ಕೈಯಾರೆ ಮಾಡಿದ್ದು. ನೀರು ನುಗ್ಗಿ ನೆಂದಿತ್ತು ಅಂತ ಬಿಚ್ಚಿ ಬೀದೀಲಿ ಬಿಸಿಲಿಗೆ ಹಾಕಿದ್ವಿ. ನಕ್ಷೇಲಿ ಕಸ ಅಂತಿದೆಯಂತೆ. ಯಾವ ಕುರುಡ ಚುಕ್ಕೆ ಇಟ್ನೋ."

ಆ ಕುರುಡ ಯಾರೆಂದು ವಿಚಾರಿಸುತ್ತ ಕೂರುವ ಹೊತ್ತು ಅದಲ್ಲ. ಮಾವ ಹೋದ ಮೇಲೆ ಅತ್ತೆಗೆ ಆ ಮಂಚ ಬಿಟ್ಟು ಬೇರೆಲ್ಲೂ ನಿದ್ದೆ ಹತ್ತುವುದಿಲ್ಲ. ನಾನು ಓಡಿದ ರಭಸಕ್ಕೆ ನನ್ನ ನೆರಳು ಸಂಜೆಯವರೆಗೂ ಕಚೇರಿಯ ಮೆಟ್ಟಿಲಿಳಿಯುತ್ತಲೇ ಇತ್ತಂತೆ.

ಹೋಗಿ ನೋಡಿದರೆ ಅತ್ತೆ ಹಲಗೆಗಳ ಮೇಲೆ ಗಟ್ಟಿಯಾಗಿ ಕೂತುಬಿಟ್ಟಿದ್ದರು.

"ಇದು ಖಾಲಿ ಆಗ್ದೆ ಮುಂದಿನ ಬೀದಿಗೆ ಹೋಗೋ ಹಾಗಿಲ್ಲ ಸಾರ್, ನಿಮ್ದೇ ರೂಲ್ಸು," ಎಂದ ಲಾರಿ ಚಾಲಕ ಬ್ರೇಕಣ್ಣ. "ಅಜ್ಜಿ ಸಮೇತ ಎತ್ಲಾ?"

"ಎತ್ತಿ ನೋಡು," ಎಂದರು ಅತ್ತೆ.

ಆಗ ನನ್ನ ತಲೆಯಲ್ಲಿ ಹೊಳೆದ ಉಪಾಯ ಭೂಮಿಯ ಮೇಲೆ ಮತ್ಯಾರಿಗೂ ಹೊಳೆಯುತ್ತಿರಲಿಲ್ಲ. ಇಡೀ ಮಂಚವನ್ನು ಒಬ್ಬನೇ, ಎಡಗೈಯಲ್ಲಿ, ಮನೆಯೊಳಗೆ ಸಾಗಿಸಿದೆ. ಬ್ರೇಕಣ್ಣ, ನನ್ನ ಹೆಂಡತಿ ಒಂದಿಷ್ಟು ಕೈಹಾಕಿರಬಹುದು. ಖಾಲಿ ಬೀದಿಯ ಫೋಟೊ ಹೋಯಿತು. ಚುಕ್ಕೆ ಹಸಿರಾಯಿತು. ಲಾರಿ ಹೊರಟಿತು.

"ಒಳಗಿಟ್ರೆ ಒಣಗೋದು ಹೇಗೆ ಅಳಿಯಂದ್ರೇ?" ಎಂದರು ಅತ್ತೆ. "ಆಚೆ ಹಾಕಿದ್ರೆ ನಾಳೆ ಆ ಹಾರೋ ಯಂತ್ರ ಮತ್ತೆ ಬರುತ್ತೆ."

"ಮನುಷ್ಯ ಮಲಗಿರೋ ಮಂಚಾನ ಯಾರು ಕಸ ಅಂತಾರೆ ಅತ್ತೆ?" ಎಂದೆ.

ಮರುದಿನ ರಜೆ ಹಾಕಿ, ಮಂಚ ಜೋಡಿಸಿ, ಬೀದಿಯ ಬಿಸಿಲಲ್ಲಿ ಮಹಾರಾಜನಂತೆ ಮಲಗಿದೆ. ಡ್ರೋನ್ ಬಂದು ಹೋಯಿತು. ಕೊಂಚ ಹೊತ್ತಿಗೆ ನನ್ನ ಕುರ್ಚಿಯಲ್ಲಿ ಕೂತಿದ್ದ ಸಹೋದ್ಯೋಗಿಯ ಫೋನು.

"ಸಾರ್, ನಿಮ್ಮತ್ತೆಯವರ ಬೀದೀಲಿ ಏನೋ ದೊಡ್ಡ ರಾಶಿ ಬಿದ್ದಿದೆ. ಚುಕ್ಕೆ ಇಡ್ಲಾ?"

"ಬೇಡಮ್ಮಾ. ಅದು ನಾನು."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು.

"ಚುಕ್ಕೆ ಇಡಲಿ ಬಿಡಿ," ಎಂದರು. "ಲಾರಿ ಬಂದ್ರೆ ಮಂಚ ಬಿಟ್ಟು ಉಳಿದಿದ್ದನ್ನ ಎತ್ಕೊಂಡು ಹೋಗಲಿ."