ಮರೆ ಮಾಡಿದರೆ ಹೊರಗೆ ಹೋಗುವ ಕಣ್ಣು

ನಿದ್ದೆಗೆಟ್ಟ ದಿನ ಸರ್ವಮಂಗಳೆಯ ಬಲಗಣ್ಣು ಒಂದಿಷ್ಟು ಸರಿಯುತ್ತಿತ್ತು. ಹೊನ್ನಾಳಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ, ಜಗಳೂರಿನಿಂದ ಹೆಣ್ಣು ನೋಡಲು ಬಂದ ಶಿವಗಂಗಮ್ಮನಿಗೆ. ಹುಡುಗ ಅವಳ ಮಗನೇ, ಮೇಷ್ಟ್ರು. ಸರ್ವಮಂಗಳೆಗೆ ಅವನು ಹಿಡಿಸಿದ್ದ, ಅದನ್ನು ಮುಚ್ಚಿಡಲು ಅವಳಿಗೆ ಬರಲಿಲ್ಲ.

"ಮೆಳ್ಳೆಗಣ್ಣಲ್ಲ ಅಂತ ಡಾಕ್ಟ್ರು ಹೇಳ್ಲಿ, ಆಮ್ಯಾಲೆ ಒಪ್ಪಿಗೆ ಶಾಸ್ತ್ರ" ಎಂದಳು ಶಿವಗಂಗಮ್ಮ.

ಅಪ್ಪ ಮರುಳಪ್ಪ ಮಗಳನ್ನು ಚನ್ನಗಿರಿಗೆ ಕರೆದೊಯ್ದ. ಅಲ್ಲಿನ ಮುದಿ ಡಾಕ್ಟರು ಮುಖಕ್ಕೆ ಬ್ಯಾಟರಿ ಬಿಟ್ಟರು. ಎರಡೂ ಪಾಪೆಗಳ ನಟ್ಟನಡುವೆ ಬೆಳಕಿನ ಚುಕ್ಕೆ ನಿಂತಿತು. "ನೆಟ್ಟಗೈತೆ, ಹೋಗ್ರಿ" ಎಂದರು. ಮಗಳಿಗಿಂತ ಅಪ್ಪನೇ ಹೆಚ್ಚು ಹಿಗ್ಗಿದ.

ಶಿವಗಂಗಮ್ಮನಿಗೆ ಅಷ್ಟು ಸಾಲದು. ತಮ್ಮನ ಮಗಳನ್ನೇ ತಂದುಕೊಳ್ಳುವ ಆಸೆ ಹೊಟ್ಟೆಯೊಳಗಿದ್ದವಳಿಗೆ ಎಷ್ಟಾದರೆ ಸಾಕಾದೀತು? ನ್ಯಾಮತಿಯ ಕಣ್ಣಿನ ಶಿಬಿರಕ್ಕೆ ಅಪ್ಪ ಮಗಳ ಜೊತೆಗೆ ತಾನೇ ಬಂದಳು. ಅಲ್ಲಿನ ಹರೆಯದ ಡಾಕ್ಟರು ಒಂದು ಕಣ್ಣಿಗೆ ರಟ್ಟು ಅಡ್ಡ ಹಿಡಿದು, ತಟ್ಟನೆ ಇನ್ನೊಂದಕ್ಕೆ ಸರಿಸಿ ನೋಡಿದರು.

"ಬ್ಯಾಟರಿ ಸುಳ್ಳು ಹೇಳಿಲ್ಲ. ದಣಿವಿಲ್ಲದಿದ್ದರೆ ಎರಡೂ ಕಣ್ಣು ತೆರೆದಾಗ ನೆಟ್ಟಗೇ ಇರುತ್ತೆ. ಮರೆ ಮಾಡಿದರೆ ಮಾತ್ರ ಕಣ್ಣು ಹೊರಗೆ ಹೋಗುತ್ತೆ. ಬಹಳ ಜನಕ್ಕೆ ಹೀಗೇ. ಬನ್ನಿ, ನಿಮ್ಮದೂ ನೋಡ್ತೀನಿ."

ಶಿವಗಂಗಮ್ಮನ ಕಣ್ಣು ಇನ್ನೂ ದೂರ ಹೋಯಿತು. ಡಾಕ್ಟರು ಅದನ್ನೂ ಹೇಳಿದರು. ಸರ್ವಮಂಗಳೆ ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ಬೇಕಿರಲಿಲ್ಲ.

ಜಗಳೂರು ಮುಟ್ಟುವಷ್ಟರಲ್ಲಿ ಡಾಕ್ಟರ ಮಾತು ಅರ್ಧವಷ್ಟೇ ಉಳಿದಿತ್ತು. "ಆ ಹುಡುಗಿ ಮರೆ ಆದ್ರೆ ಸಾಕು, ಕಣ್ಣು ಹೊರಗೆ ಹೋಗ್ತೈತಂತೆ. ಡಾಕ್ಟ್ರೇ ಅಂದ್ರು" ಎಂದು ಶಿವಗಂಗಮ್ಮ ಮನೆಮನೆಗೂ ಹಂಚಿದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಮೇಷ್ಟ್ರು ಸೋದರಮಾವನ ಮಗಳಿಗೆ ತಾಳಿ ಕಟ್ಟಿದ. ಆಮೇಲೆ ಸರ್ವಮಂಗಳೆಯನ್ನು ಕೇಳಿ ಬಂದವರು ಅವಳ ಕಣ್ಣನ್ನು ನೋಡಲೇ ಇಲ್ಲ, ನಡತೆ ಹೇಗೆಂದು ನೆರೆಯವರನ್ನು ವಿಚಾರಿಸಿ ಹಾಗೇ ಹೊರಟುಹೋದರು.

"ನೀನೂ ಅಲ್ಲಿದ್ದೆಲ್ಲಪ್ಪ, ಡಾಕ್ಟ್ರು ಏನಂದ್ರು ಅಂತ ನೀನಾರ ಹೇಳು" ಎಂದು ಅಪ್ಪನನ್ನು ಬೇಡಿಕೊಂಡಳು. ಎರಡೂ ಪರೀಕ್ಷೆ ಕಂಡ ಅವಳ ಕಡೆಯವನೆಂದರೆ ಅವನೊಬ್ಬನೇ. ಮರುಳಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ಕೂತ.

ಒಂದು ಸಂಜೆ ಅವಳು ಕೊಡ ಹಿಡಿದು ಹಿತ್ತಲ ಬಾಗಿಲು ದಾಟಿದಳು. ನೀರಿಗೆ ಹೋಗುವವಳನ್ನು ಅಪ್ಪ ಎಂದೂ ತಡೆದವನಲ್ಲ.

"ಎಲ್ಲಿಗೆ ಹೊಂಟೆ?" ಹಿಂದಿನಿಂದ ಅವನ ದನಿ ಬಂತು. "ಒಳಗೆ ಬಾ. ನನ್ನ ಕಣ್ಣೆದುರಿಗೇ ಇರು."